ತಮ್ಮನ ಮಂಡಿ ಈಗಲೇ ಬದಲಿಸಬೇಕೇ, ಇನ್ನೂ ಕಾಯಬೇಕೇ? (ತೀವ್ರ ಹಿಮೋಫಿಲಿಯಾ ಎ, 29 ವರ್ಷ)

ವರದಾ_ದಂಡೆ
ಎಲ್ಲರಿಗೂ ನಮಸ್ಕಾರ. ನನ್ನ ತಮ್ಮನಿಗೆ 29 ವರ್ಷ, ತೀವ್ರ ಸ್ವರೂಪದ ಕುಸುಮ ರೋಗ, ಅಂದರೆ ಹಿಮೋಫಿಲಿಯಾ. ರಕ್ತ ಹೆಪ್ಪುಗಟ್ಟಲು ಬೇಕಾದ ಫ್ಯಾಕ್ಟರ್ 8 ಎಂಬ ಪ್ರೋಟೀನಿನ ಮಟ್ಟ ಶೇ 1ಕ್ಕಿಂತಲೂ ಕಡಿಮೆ. ಅವನು ಚಿಕ್ಕವನಿದ್ದಾಗ ನಮ್ಮ ಹಾವೇರಿ ಕಡೆಯ ಹಳ್ಳಿಗಳಿಗೆ ಫ್ಯಾಕ್ಟರ್ ಚುಚ್ಚುಮದ್ದು ತಲುಪುತ್ತಿರಲಿಲ್ಲ. ಮಂಡಿಯೊಳಗೆ ರಕ್ತ ತುಂಬಿದಾಗ ಕಾಲು ಮಡಚಿಕೊಂಡರೆ ಮಾತ್ರ ನೋವು ತಡೆಯುವಂತಿರುತ್ತಿದ್ದುದರಿಂದ, ಹಾಗೆಯೇ ವಾರಗಟ್ಟಲೆ ಮಲಗಿರುತ್ತಿದ್ದ. ಈಗ ಬಲ ಮಂಡಿ 35 ಡಿಗ್ರಿ ಬಾಗಿದಲ್ಲೇ ನಿಂತುಬಿಟ್ಟಿದೆ; ಎಡಗಾಲಿನ ಪಾದದ ಕೀಲೂ ಸವೆದಿದೆ.

ಅವನದು ಹೊಲಿಗೆ ಕೆಲಸ. ಯಂತ್ರಕ್ಕೆ ಮೋಟಾರು ಹಾಕಿಸಿದ ಮೇಲೆ ಪೆಡಲು ತುಳಿಯುವ ಕಷ್ಟ ತಪ್ಪಿತಾದರೂ, ಬಟ್ಟೆ ಕತ್ತರಿಸುವ ಮೇಜಿನ ಮುಂದೆ ಸ್ವಲ್ಪ ಹೊತ್ತು ನಿಂತರೆ ಸಾಕು, ಗೋಡೆ ಹಿಡಿಯಬೇಕಾಗುತ್ತದೆ. ಒಬ್ಬ ಮೂಳೆ ವೈದ್ಯರು ಮಂಡಿ ಬದಲಿಸಿಬಿಡೋಣ ಎನ್ನುತ್ತಾರೆ. ಇನ್ನೊಬ್ಬರು ಇಷ್ಟು ಚಿಕ್ಕ ವಯಸ್ಸಿಗೆ ಬೇಡ, ನಲವತ್ತು ದಾಟಲಿ ಎನ್ನುತ್ತಾರೆ. ಮನೆಯಲ್ಲಿ ಅಮ್ಮ ಶಸ್ತ್ರಚಿಕಿತ್ಸೆ ಎಂದರೆ ಊಟ ಬಿಡುತ್ತಾರೆ. ಅನುಭವಸ್ಥರು ದಯವಿಟ್ಟು ಹೇಳಿ.

ಲ್ಯಾಬ್_ಮೂಲೆ
ಇನ್ಹಿಬಿಟರ್ (ಕೊಟ್ಟ ಫ್ಯಾಕ್ಟರನ್ನು ಕೆಲಸ ಮಾಡಗೊಡದ ಪ್ರತಿಕಾಯ) ಪರೀಕ್ಷೆ ಮಾಡಿಸಿದ್ದೀರಾ? ಅದರ ಫಲಿತಾಂಶ ಕೈಯಲ್ಲಿಲ್ಲದೆ ಮುಂದಿನ ಯಾವ ಮಾತೂ ಉಪಯೋಗಕ್ಕೆ ಬರುವುದಿಲ್ಲ.

ಎರಡೂ_ಮಂಡಿ_ಹೊಸದು
ನಾನು ಮಾಡಿಸಿಕೊಂಡವನು, ಅದೂ ಎರಡೂ ಮಂಡಿಗೆ, ಮೂವತ್ತನಾಲ್ಕನೇ ವಯಸ್ಸಿನಲ್ಲಿ. ನೋವಿನ ಮಟ್ಟಿಗೆ ಹೇಳುವುದಾದರೆ ಅದಕ್ಕೂ ಮೊದಲಿನ ಬದುಕನ್ನು ನೆನೆಯಲೂ ನನಗೆ ಇಷ್ಟವಿಲ್ಲ. ಈಗ ಬಸ್ಸು ಹತ್ತುತ್ತೇನೆ, ಅಂಗಡಿಗೆ ನಡೆದು ಹೋಗುತ್ತೇನೆ, ರಾತ್ರಿ ನಿದ್ದೆ ಮಾಡುತ್ತೇನೆ.

ಆದರೆ ನಿಮ್ಮ ತಮ್ಮನಿಗೆ ಒಂದು ವಿಷಯವನ್ನು ಮೊದಲೇ ಬಿಡಿಸಿ ಹೇಳಿ. ಬದಲಿ ಮಂಡಿ ನೋವನ್ನು ಕಳೆಯುತ್ತದೆಯೇ ಹೊರತು, ಮೊದಲೇ ಬಿಗಿದುಕೊಂಡಿದ್ದ ಕಾಲನ್ನು ಪೂರ್ತಿ ಮಡಚುವಂತೆ ಮಾಡುವುದಿಲ್ಲ. ಚಕ್ಕಳಮಕ್ಕಳ ಹಾಕಿ ಪಂಕ್ತಿಯಲ್ಲಿ ಕೂರುವುದು, ಇಂಡಿಯನ್ ಶೌಚಾಲಯ, ಇವೆರಡೂ ನನಗೆ ಆಗುವುದಿಲ್ಲ. ಮದುವೆ ಮನೆಗಳಲ್ಲಿ ಮೇಜಿನ ಸಾಲು ಇದೆಯೇ ಎಂದು ಮೊದಲು ವಿಚಾರಿಸಿಕೊಂಡೇ ಹೋಗುತ್ತೇನೆ. ಮನೆಯಲ್ಲಿ ಕಮೋಡ್ ಇಲ್ಲದಿದ್ದರೆ ಆಸ್ಪತ್ರೆಗೆ ಸೇರುವ ಮೊದಲೇ ಕೂರಿಸಿಕೊಳ್ಳಿ.

ಸಂಶಯಾಸ್ಪದ
ಹೊಗಳಿಕೆಯ ಜೊತೆಗೆ ಇನ್ನೊಂದು ಮುಖವೂ ಇರಲಿ. ನಮ್ಮ ಸೋದರಮಾವನಿಗೆ ಒಂದು ದೊಡ್ಡ ಖಾಸಗಿ ಆಸ್ಪತ್ರೆಯಲ್ಲಿ ಇದೇ ಶಸ್ತ್ರಚಿಕಿತ್ಸೆ ಆಯಿತು. ಕೆಲವು ವರ್ಷ ಚೆನ್ನಾಗಿದ್ದರು. ಆಮೇಲೆ ಮಂಡಿಯಲ್ಲಿ ಸೋಂಕು ಸೇರಿಕೊಂಡು, ಹಾಕಿದ್ದ ಲೋಹದ ಕೀಲನ್ನೇ ತೆಗೆಯಬೇಕಾಯಿತು. ಮತ್ತೆ ಫ್ಯಾಕ್ಟರ್, ಮತ್ತೆ ಆ್ಯಂಟಿಬಯಾಟಿಕ್, ಮತ್ತೆ ಸಾಲ. ಇಪ್ಪತ್ತೊಂಬತ್ತಕ್ಕೆ ಹಾಕಿಸಿಕೊಂಡ ಕೀಲು ಅವನ ಆಯುಷ್ಯದ ಕೊನೆಯವರೆಗೆ ಬಾಳುತ್ತದೆಂದು ಯಾರು ಬರೆದುಕೊಡುತ್ತಾರೆ? ಎರಡನೆಯ ಸಲ ಬದಲಿಸುವುದು ಮೊದಲಿನಷ್ಟು ಸುಲಭವಲ್ಲ. ನಲವತ್ತಾಗಲಿ ಎಂದ ವೈದ್ಯರನ್ನು ನಾನು ತಪ್ಪೆನ್ನಲಾರೆ.

ಎರಡೂ_ಮಂಡಿ_ಹೊಸದು
ಹನ್ನೊಂದು ವರ್ಷ ನೋವಿನಲ್ಲೇ ಕಾಯಿರಿ ಎಂದು ಹೇಳುವುದು ನೋವಿಲ್ಲದವರಿಗೆ ಸುಲಭ, ಸ್ವಾಮಿ.

ಸಂಶಯಾಸ್ಪದ
ನೋವು ನನ್ನದಲ್ಲ, ನಿಜ. ಸಾಲದ ಕಂತು ನನ್ನದೇ ಆಗಿತ್ತು.

ಲ್ಯಾಬ್_ಮೂಲೆ
ಜಗಳ ಬೇಡ, ಇಬ್ಬರ ಮಾತಿನಲ್ಲೂ ಹುರುಳಿದೆ. ಸಾಮಾನ್ಯ ಸವೆತದಿಂದ ಮಂಡಿ ಬದಲಿಸಿಕೊಳ್ಳುವವರಿಗಿಂತ ನಮ್ಮವರಲ್ಲಿ ಸೋಂಕಿನ ಅಪಾಯ ಹೆಚ್ಚೆಂಬುದು ವೈದ್ಯರಿಗೆ ಬಹಳ ಕಾಲದಿಂದ ಗೊತ್ತಿರುವ ಸಂಗತಿ. ಪದೇ ಪದೇ ರಕ್ತನಾಳಕ್ಕೆ ಸೂಜಿ ಚುಚ್ಚಿಕೊಳ್ಳುವುದೂ ಅದಕ್ಕೊಂದು ಕಾರಣವೆನ್ನುತ್ತಾರೆ. ಮನೆಯಲ್ಲೇ ಫ್ಯಾಕ್ಟರ್ ಹಾಕಿಕೊಳ್ಳುವವರು ಕೈ ತೊಳೆಯದೆ, ಸ್ಪಿರಿಟ್ ಒಣಗುವ ಮೊದಲೇ ಬಟರ್‌ಫ್ಲೈ ಸೂಜಿ ಚುಚ್ಚುವುದನ್ನು ನಾನೇ ನೋಡಿದ್ದೇನೆ. ಕೃತಕ ಕೀಲು ಇರುವವರಿಗೆ ಈ ಶಿಸ್ತು ಬದುಕಿರುವವರೆಗೂ ಬೇಕು.

ಇನ್ನು ಇನ್ಹಿಬಿಟರ್ ವಿಷಯ. ತೀವ್ರ ಹಿಮೋಫಿಲಿಯಾ ಎ ಇರುವವರಲ್ಲಿ ಸುಮಾರು ಶೇ 30ರಷ್ಟು ಮಂದಿಯ ದೇಹ, ಹೊರಗಿನಿಂದ ಕೊಟ್ಟ ಫ್ಯಾಕ್ಟರನ್ನೇ ಶತ್ರುವೆಂದು ಬಗೆದು ಪ್ರತಿಕಾಯಗಳನ್ನು ಬೆಳೆಸಿಕೊಳ್ಳುತ್ತದೆ. ಅದನ್ನು ಬೆಥೆಸ್ಡಾ ಯೂನಿಟ್‌ಗಳಲ್ಲಿ ಅಳೆಯುತ್ತಾರೆ. ಐದಕ್ಕಿಂತ ಮೇಲೇರಿದರೆ ಫ್ಯಾಕ್ಟರ್ 8 ಎಷ್ಟು ಸುರಿದರೂ ಪ್ರಯೋಜನ ಅಷ್ಟಕ್ಕಷ್ಟೆ. ಫ್ಯಾಕ್ಟರ್ 8ರ ಹಂಗಿಲ್ಲದೆ ರಕ್ತ ಹೆಪ್ಪುಗಟ್ಟಿಸುವ ಬೈಪಾಸ್ ಔಷಧಿಗಳೇ ಗತಿ, ಅವುಗಳ ಬೆಲೆಯ ಲೆಕ್ಕವೇ ಬೇರೆ. ಎರಡು ವರ್ಷದ ಹಿಂದಿನ ವರದಿ ಸಾಲದು. ಶಸ್ತ್ರಚಿಕಿತ್ಸೆಗೆ ಮುಂಚಿನ ವಾರದಲ್ಲಿ ಹೊಸದಾಗಿ ಪರೀಕ್ಷಿಸಲೇಬೇಕು. ಜೊತೆಗೆ, ಒಂದು ಡೋಸ್ ಕೊಟ್ಟು ರಕ್ತದಲ್ಲಿ ಫ್ಯಾಕ್ಟರ್ ನಿರೀಕ್ಷಿಸಿದಷ್ಟು ಏರುತ್ತದೆಯೇ, ಎಷ್ಟು ಗಂಟೆಯಲ್ಲಿ ಇಳಿಯುತ್ತದೆ ಎಂಬುದನ್ನೂ ನೋಡಿಸಿ. ಹೆಪಟೈಟಿಸ್ ಮತ್ತು ಎಚ್‌ಐವಿ ಪರೀಕ್ಷೆಗಳು ಹೇಗೂ ಇರುತ್ತವೆ.

ಇನ್ನೊಂದು ಸಣ್ಣ ಮಾತು: ಶಸ್ತ್ರಚಿಕಿತ್ಸೆಯನ್ನು ವಾರದ ಆರಂಭದ ದಿನ, ಬೆಳಗಿನ ಮೊದಲ ಪಾಳಿಯಲ್ಲಿ ಇಡುವಂತೆ ಕೇಳಿಕೊಳ್ಳಿ. ಶುಕ್ರವಾರ ಮಧ್ಯಾಹ್ನ ಮಾಡಿ, ಶನಿವಾರ ರಾತ್ರಿ ರಕ್ತ ಸೋರಲು ಶುರುವಾದರೆ ಫ್ಯಾಕ್ಟರ್ ಮಟ್ಟ ನೋಡಲು ಪ್ರಯೋಗಾಲಯದಲ್ಲಿ ಯಾರೂ ಸಿಗುವುದಿಲ್ಲ.

ಹಳ್ಳಿಮದ್ದು
ಇಷ್ಟೆಲ್ಲ ಖರ್ಚಿಗೆ ಮೊದಲು ಮೂಳೆ ಕಟ್ಟುವ ನಾಟಿ ವೈದ್ಯರಲ್ಲಿ ಒಮ್ಮೆ ತೋರಿಸಬಹುದಲ್ಲವೇ? ಎಣ್ಣೆ ಹಚ್ಚಿ ನೀವಿ, ದಬ್ಬೆ ಕಟ್ಟಿ, ಎಷ್ಟೋ ಜನರ ಬಾಗಿದ ಕಾಲನ್ನು ನೆಟ್ಟಗೆ ಮಾಡಿದ್ದಾರೆ.

ಫಿಸಿಯೋ_ಧಾರವಾಡ
ದಯವಿಟ್ಟು ಈ ಸಲಹೆಯನ್ನು ಇಲ್ಲಿ ಕೊಡಬೇಡಿ. ಕುಸುಮ ರೋಗಿಯ ಮಂಡಿಯನ್ನು ಬಲವಂತವಾಗಿ ಎಳೆದರೆ, ಬಿಗಿಯಾಗಿ ತಿಕ್ಕಿದರೆ ಒಳಗಿನ ಪೊರೆ ಹರಿದು ಮತ್ತೆ ರಕ್ತ ತುಂಬುತ್ತದೆ. ಸ್ನಾಯುವಿನೊಳಗೆ ರಕ್ತ ಕಟ್ಟಿಕೊಂಡು ನರ ಒತ್ತಿದರೆ ಕಾಲಿನ ಬಲವೇ ಹೋಗಬಹುದು. ದಬ್ಬೆಯನ್ನು ಬಿಗಿದು ಕಟ್ಟಿ, ಬೆರಳು ಕಪ್ಪಾದ ಮೇಲೆ ಓಡಿ ಬಂದವರಿಗೆ ನಾನು ಚಿಕಿತ್ಸೆ ಕೊಟ್ಟಿದ್ದೇನೆ.

ಹಳ್ಳಿಮದ್ದು
ಸಾಮಾನ್ಯರಿಗೆ ಗುಣವಾಗಿದ್ದನ್ನು ಕಂಡು ಹೇಳಿದೆ. ಈ ರೋಗದವರಿಗೆ ಸಲ್ಲದೆಂದರೆ ಬಿಡೋಣ.

ಫಿಸಿಯೋ_ಧಾರವಾಡ
ವರದಾ_ದಂಡೆ ಅವರೇ, ಮೂಲ ಪ್ರಶ್ನೆಗೆ ಬರುತ್ತೇನೆ. ಕೀಲು ಹಾಳಾಗುವ ಬಗೆ ತಿಳಿದರೆ ನಿರ್ಧಾರ ಸುಲಭವಾಗುತ್ತದೆ. ಕೀಲಿನೊಳಗೆ ಸೋರಿದ ರಕ್ತದಲ್ಲಿರುವ ಕಬ್ಬಿಣದ ಅಂಶ ಅಲ್ಲಿಯ ಪೊರೆಯಲ್ಲಿ ಉಳಿದು, ಪೊರೆ ಊದಿ ದಪ್ಪಗಾಗುತ್ತದೆ. ದಪ್ಪಗಾದ ಪೊರೆಯಲ್ಲಿ ಹೊಸ ರಕ್ತನಾಳಗಳು ಬೆಳೆಯುವುದರಿಂದ ಸಣ್ಣ ಪೆಟ್ಟಿಗೂ ಮತ್ತೆ ರಕ್ತ ಸೋರುತ್ತದೆ. ಆರು ತಿಂಗಳೊಳಗೆ ಒಂದೇ ಕೀಲಿನಲ್ಲಿ ತಾನಾಗಿಯೇ ಮೂರು ಅಥವಾ ಹೆಚ್ಚು ಸಲ ರಕ್ತ ತುಂಬಿದರೆ ಅದನ್ನು ಟಾರ್ಗೆಟ್ ಜಾಯಿಂಟ್ ಎನ್ನುತ್ತೇವೆ. ಆಮೇಲೆ ಮೃದ್ವಸ್ಥಿ ಕರಗಿ, ಮೂಳೆಗೆ ಮೂಳೆ ತಾಗುತ್ತದೆ. ನಿಮ್ಮ ತಮ್ಮ ಈ ಕೊನೆಯ ಹಂತದಲ್ಲಿರುವಂತೆ ತೋರುತ್ತದೆ. ಹಾಗಿದ್ದರೆ ಕಾಯುವುದರಿಂದ ಕೀಲು ಸುಧಾರಿಸುವುದಿಲ್ಲ. ಬಾಗು ಹೆಚ್ಚುತ್ತದೆ, ತೊಡೆಯ ಸ್ನಾಯು ಸಣಕಲಾಗುತ್ತದೆ.

ಈ ಬಾಗೇ ನನಗೆ ಮುಖ್ಯವಾಗಿ ಕಾಣುವುದು. ಎಷ್ಟೋ ವರ್ಷ ಮಡಚಿಕೊಂಡೇ ಇದ್ದ ಕಾಲನ್ನು ಶಸ್ತ್ರಚಿಕಿತ್ಸೆಯ ಮೇಜಿನ ಮೇಲೆ ಒಮ್ಮೆಲೇ ನೆಟ್ಟಗೆ ಮಾಡಿದರೆ, ಮಂಡಿಯ ಹೊರಬದಿಯಲ್ಲಿ ಹಾಯುವ ನರ ಎಳೆದುಕೊಂಡು ಪಾದ ಜೋತುಬೀಳುವ ಸಂಭವವಿದೆ. ಮಂಡಿಯ ಹಿಂದಿನ ದೊಡ್ಡ ರಕ್ತನಾಳಕ್ಕೂ ಅಪಾಯ. ಆದ್ದರಿಂದ ಹಲವು ಕಡೆ ಮೊದಲು ಫ್ಯಾಕ್ಟರ್ ಕೊಟ್ಟು, ಹಂತಹಂತವಾಗಿ ಪ್ಲಾಸ್ಟರ್ ಬದಲಿಸುತ್ತ, ವ್ಯಾಯಾಮ ಮಾಡಿಸುತ್ತ, ಸಾಧ್ಯವಾದಷ್ಟು ಡಿಗ್ರಿ ಬಿಡಿಸಿಕೊಂಡು ಆಮೇಲೆ ಕೀಲು ಬದಲಿಸುತ್ತಾರೆ. ಕೆಲವರಿಗೆ ಇಲಿಜರೋವ್ ಚೌಕಟ್ಟು ಹಾಕಿ ನಿಧಾನವಾಗಿ ನೆಟ್ಟಗೆ ಮಾಡುವುದೂ ಉಂಟು. ಆದರೆ ಮೂಳೆಗೆ ತೂರಿಸಿದ ತಂತಿಗಳು ಬಹಳ ದಿನ ಇರುವುದರಿಂದ ಅಷ್ಟೂ ದಿನ ಸೋಂಕಿನ ಕಾವಲು, ಫ್ಯಾಕ್ಟರಿನ ಖರ್ಚು ಎರಡೂ ಇರುತ್ತವೆ.

ಇವತ್ತಿನಿಂದಲೇ ಮಾಡಬಹುದಾದದ್ದು ಒಂದಿದೆ. ಕಾಲು ನೀಡಿ ಕುಳಿತು, ಟವೆಲನ್ನು ಸುರುಳಿ ಸುತ್ತಿ ಮಂಡಿಯ ಕೆಳಗಿಟ್ಟು, ತೊಡೆಯ ಮುಂಭಾಗವನ್ನು ಬಿಗಿಹಿಡಿದು ಆ ಸುರುಳಿಯನ್ನು ಕೆಳಕ್ಕೆ ಒತ್ತಿ, ಐದು ಎಣಿಸಿ ಬಿಡಬೇಕು. ನೋವಾದರೆ ನಿಲ್ಲಿಸಬೇಕು. ಶಸ್ತ್ರಚಿಕಿತ್ಸೆಗೆ ಮುಂಚೆ ಆ ಸ್ನಾಯುವಿಗೆ ಬಲ ಬಂದಷ್ಟೂ ಆಮೇಲೆ ಎದ್ದು ನಿಲ್ಲುವುದು ಬೇಗ.

ಗದಗಿನ_ಅಕ್ಕ
ನನ್ನ ಮಗನಿಗೆ ಒಂಬತ್ತು ವರ್ಷ. ಅವನ ಎಡ ಮಂಡಿ ಸದಾ ಊದಿಕೊಂಡೇ ಇರುತ್ತದೆ, ನೋವು ಅಷ್ಟಿಲ್ಲ, ಮುಟ್ಟಿದರೆ ಮೆತ್ತಗೆ ಹಿಟ್ಟಿನ ಉಂಡೆಯಂತಿದೆ. ಅವನಿಗೂ ಮುಂದೆ ಇದೇ ಗತಿಯೇ? ತಪ್ಪಿಸಲು ದಾರಿಯಿಲ್ಲವೇ?

ಫಿಸಿಯೋ_ಧಾರವಾಡ
ಅಕ್ಕಾ, ನೀವು ವರ್ಣಿಸಿದ್ದು ಪೊರೆಯ ಊತದಂತೆ ಕಾಣುತ್ತದೆ, ಅಂದರೆ ಇನ್ನೂ ಸಮಯವಿದೆ. ತಡ ಮಾಡದೆ ಅಲ್ಟ್ರಾಸೌಂಡ್ ಅಥವಾ ಎಂಆರ್‌ಐ ಮಾಡಿಸಿ. ಎಕ್ಸ್-ರೇಯಲ್ಲಿ ಕಾಣುವ ಹೊತ್ತಿಗೆ ಹಾನಿ ಬಹಳ ಮುಂದುವರಿದಿರುತ್ತದೆ. ಕೆಲವು ತಿಂಗಳು ತಪ್ಪದೆ ಫ್ಯಾಕ್ಟರ್ ಕೊಟ್ಟು, ವ್ಯಾಯಾಮ ಮಾಡಿಸಿಯೂ ಇಳಿಯದಿದ್ದರೆ ಕೀಲಿನೊಳಗೆ ವಿಕಿರಣಶೀಲ ದ್ರವದ ಚುಚ್ಚುಮದ್ದು ಕೊಟ್ಟು ಆ ಪೊರೆಯನ್ನು ಒಣಗಿಸುತ್ತಾರೆ. ಮಂಡಿಗೆ ಸಾಮಾನ್ಯವಾಗಿ ಯಿಟ್ರಿಯಂ-90 ಬಳಸುತ್ತಾರೆ. ಆ ಸೌಲಭ್ಯವಿಲ್ಲದ ಕಡೆ ರಿಫಾಂಪಿಸಿನ್ ಚುಚ್ಚುವುದೂ ಉಂಟು, ಆದರೆ ಅದನ್ನು ವಾರವಾರ ಹಲವು ಸಲ ಕೊಡಬೇಕು, ನೋವೂ ಹೆಚ್ಚು. ಕರಗಿಹೋದ ಮೃದ್ವಸ್ಥಿಯನ್ನು ಇವೆರಡೂ ಮರಳಿ ತರುವುದಿಲ್ಲವಾದ್ದರಿಂದ ಬೇಗ ಮಾಡಿಸಿದಷ್ಟೂ ಲಾಭ.

ಲೈಡನ್_ಕನ್ನಡಿಗ
ನಾನು ನೆದರ್‌ಲ್ಯಾಂಡ್ಸ್‌ನಲ್ಲಿರುವ ಕನ್ನಡಿಗ, ನನ್ನ ಮಗನಿಗೂ ಇದೇ ರೋಗ. ಇಲ್ಲಿ ಮಗು ನಡೆಯಲು ಕಲಿಯುವ ಹೊತ್ತಿಗೆಲ್ಲ ವಾರಕ್ಕೆ ಇಂತಿಷ್ಟು ಸಲ ಎಂದು ಮುಂಜಾಗ್ರತೆಯ ಫ್ಯಾಕ್ಟರ್ ಶುರು ಮಾಡುತ್ತಾರೆ. ರಕ್ತ ಸೋರಲಿ, ಆಮೇಲೆ ಕೊಡೋಣ ಎಂಬ ಪದ್ಧತಿಯೇ ಇಲ್ಲ. ಸ್ವೀಡನ್ನಿನ ಮಾಲ್ಮೋದಲ್ಲಿ 1958ರಷ್ಟು ಹಿಂದೆಯೇ ಇದನ್ನು ಆರಂಭಿಸಿದ್ದರು. 2007ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ 65 ಗಂಡುಮಕ್ಕಳನ್ನು ಎರಡು ಗುಂಪು ಮಾಡಿ ನೋಡಿದಾಗ, ಮುಂಜಾಗ್ರತೆಯಾಗಿ ಫ್ಯಾಕ್ಟರ್ ಪಡೆದವರಲ್ಲಿ ಶೇ 93 ಮಕ್ಕಳ ಕೀಲುಗಳು ಆರನೇ ವಯಸ್ಸಿನಲ್ಲಿ ಎಂಆರ್‌ಐ ಪ್ರಕಾರ ಚೆನ್ನಾಗಿದ್ದವು. ರಕ್ತ ಸೋರಿದಾಗ ಮಾತ್ರ ಪಡೆದವರಲ್ಲಿ ಶೇ 55 ಮಾತ್ರ. ನಮ್ಮ ರಾಜ್ಯದಲ್ಲೂ ಇದನ್ನೇ ಕೇಳಬೇಕಲ್ಲದೆ, ಮೂವತ್ತಕ್ಕೆ ಮಂಡಿ ಬದಲಿಸುವ ಚರ್ಚೆಯನ್ನಲ್ಲ.

ಸಂಶಯಾಸ್ಪದ
ಇಪ್ಪತ್ತೊಂಬತ್ತು ವರ್ಷದವನಿಗೆ ಆರು ವರ್ಷದ ಮಕ್ಕಳ ಲೆಕ್ಕ ಹೇಳಿ ಏನು ಮಾಡುವುದು? ಅವನ ಬಾಲ್ಯ ಮುಗಿದಿದೆ.

ಗದಗಿನ_ಅಕ್ಕ
ನನಗೆ ಆ ಲೆಕ್ಕ ಬೇಕಿತ್ತು. ಅವರು ಹೇಳಲಿ ಬಿಡಿ.

ಹೊಸ_ಸೂಜಿ
ಈಗ ಎಮಿಸಿಜುಮಾಬ್ ಬಂದಿದೆಯಲ್ಲ, ಚರ್ಮದಡಿ ಚುಚ್ಚುವ ಔಷಧಿ. ನನ್ನ ಸ್ನೇಹಿತ ಅದನ್ನು ಶುರು ಮಾಡಿದ ಮೇಲೆ ರಕ್ತ ಸೋರುವುದೇ ನಿಂತಿದೆ. ಅದನ್ನು ಹಾಕಿಸಿಕೊಂಡು ಶಸ್ತ್ರಚಿಕಿತ್ಸೆ ಮಾಡಿಸಿದರೆ ಫ್ಯಾಕ್ಟರಿನ ಗೋಜೇ ಬೇಡವಲ್ಲ?

ಲ್ಯಾಬ್_ಮೂಲೆ
ಬೇಕು, ಖಂಡಿತ ಬೇಕು. ಎಮಿಸಿಜುಮಾಬ್ ದಿನನಿತ್ಯದ ರಕ್ತಸ್ರಾವವನ್ನು ತಡೆಯುವ ಔಷಧಿ. ಅದು ತೀವ್ರ ರೋಗವನ್ನು ಸೌಮ್ಯ ರೋಗದ ಮಟ್ಟಕ್ಕೆ ತರುತ್ತದೆಂದು ಸ್ಥೂಲವಾಗಿ ಹೇಳಬಹುದು. ಮೂಳೆ ಕತ್ತರಿಸುವಂಥ ದೊಡ್ಡ ಶಸ್ತ್ರಚಿಕಿತ್ಸೆಗೆ ಅಷ್ಟು ಸಾಲದು. ಮೇಲಿಂದ ಫ್ಯಾಕ್ಟರ್ 8 ಕೊಡಲೇಬೇಕು. ಇನ್ಹಿಬಿಟರ್ ಇದ್ದವರಿಗೆ ಬೈಪಾಸ್ ಔಷಧಿ ಕೊಡಬೇಕು, ಅದರಲ್ಲೂ ಎಪಿಸಿಸಿ ಎಂಬುದನ್ನು ಇದರ ಜೊತೆಗೆ ಹೆಚ್ಚು ಕೊಟ್ಟಾಗ ರಕ್ತ ಅಪಾಯಕಾರಿಯಾಗಿ ಹೆಪ್ಪುಗಟ್ಟಿದ ಉದಾಹರಣೆಗಳಿವೆ.

ಪ್ರಯೋಗಾಲಯದಲ್ಲೂ ಇದು ಮೋಸ ಮಾಡುತ್ತದೆ. ಎಮಿಸಿಜುಮಾಬ್ ಪಡೆಯುವವರಲ್ಲಿ, ರಕ್ತ ಹೆಪ್ಪುಗಟ್ಟಲು ಹಿಡಿಯುವ ಸಮಯವನ್ನು ಅಳೆಯುವ ಎಪಿಟಿಟಿ ಪರೀಕ್ಷೆ ಚೆನ್ನಾಗಿಯೇ ಕಾಣುತ್ತದೆ, ಅದನ್ನು ಆಧರಿಸಿ ಅಳೆದ ಫ್ಯಾಕ್ಟರ್ ಮಟ್ಟವೂ ಸುಳ್ಳಾಗಿ ಹೆಚ್ಚು ಬರುತ್ತದೆ. ಹಸುವಿನ ಮೂಲದ ರಾಸಾಯನಿಕ ಬಳಸುವ ಕ್ರೋಮೋಜೆನಿಕ್ ವಿಧಾನದಲ್ಲಿ ಮಾತ್ರ ಸರಿಯಾದ ಮಟ್ಟ ತಿಳಿಯುತ್ತದೆ. ಔಷಧಿ ನಿಲ್ಲಿಸಿದರೂ ತಿಂಗಳುಗಟ್ಟಲೆ ದೇಹದಲ್ಲಿ ಉಳಿಯುವುದರಿಂದ, ಈಗ ತೆಗೆದುಕೊಳ್ಳುತ್ತಿಲ್ಲ ಎನ್ನುವವರೂ ವೈದ್ಯರಿಗೆ ಹೇಳಲೇಬೇಕು.

ಹೊಸ_ಸೂಜಿ
ಗೊತ್ತಿರಲಿಲ್ಲ, ಧನ್ಯವಾದ. ವೆಲ್ಲೂರಿನ ಜೀನ್ ಚಿಕಿತ್ಸೆಯ ಸುದ್ದಿ ಓದಿದ್ದೆ. ಅದಕ್ಕಾಗಿ ಕಾದರೆ?

ಲ್ಯಾಬ್_ಮೂಲೆ
ವೆಲ್ಲೂರಿನ ಸಿಎಂಸಿ ಆಸ್ಪತ್ರೆಯಲ್ಲಿ ಐದು ಮಂದಿಗೆ ಕೊಟ್ಟ ಜೀನ್ ಚಿಕಿತ್ಸೆಯ ಫಲಿತಾಂಶ 2024ರ ಡಿಸೆಂಬರಿನಲ್ಲಿ ಪ್ರಕಟವಾಯಿತು, ಸಂತೋಷದ ಸಂಗತಿಯೇ. ಆದರೆ ಜೀನ್ ಚಿಕಿತ್ಸೆ ಮುಂದಿನ ರಕ್ತಸ್ರಾವವನ್ನು ತಡೆಯುತ್ತದೆಯೇ ಹೊರತು, ಈಗಾಗಲೇ ಮೂಳೆಗೆ ಮೂಳೆ ತಾಗಿರುವ ಮಂಡಿಯನ್ನು ರಿಪೇರಿ ಮಾಡುವುದಿಲ್ಲ.

ಎಂಟನೇ_ನಂಬರ್
ಎಲ್ಲರೂ ಫ್ಯಾಕ್ಟರ್ ಬೇಕು ಎನ್ನುತ್ತಿದ್ದೀರಿ, ಎಷ್ಟು ಬೇಕೆಂದು ಯಾರೂ ಹೇಳಲಿಲ್ಲ. ನಾನು ಲೆಕ್ಕ ಹಾಕುತ್ತೇನೆ, ತಪ್ಪಿದ್ದರೆ ತಿದ್ದಿ. ಒಂದು ಕಿಲೋ ತೂಕಕ್ಕೆ ಒಂದು ಯೂನಿಟ್ ಕೊಟ್ಟರೆ ಫ್ಯಾಕ್ಟರ್ 8 ಸುಮಾರು ಶೇ 2ರಷ್ಟು ಏರುತ್ತದೆ. 60 ಕಿಲೋ ತೂಗುವವನನ್ನು ಶೇ 100ಕ್ಕೆ ಏರಿಸಲು ಮೊದಲ ಡೋಸೇ 3,000 ಯೂನಿಟ್. ಅದು ಎಂಟರಿಂದ ಹನ್ನೆರಡು ಗಂಟೆಯಲ್ಲಿ ಅರ್ಧಕ್ಕಿಳಿಯುತ್ತದೆ. ಮೊದಲ ಮೂರು ದಿನ ಹನ್ನೆರಡು ಗಂಟೆಗೊಮ್ಮೆ 1,800, ಮುಂದಿನ ಮೂರು ದಿನ 1,200, ಆಮೇಲೆ ಹದಿನಾಲ್ಕನೇ ದಿನದವರೆಗೆ 900 ಎಂದಿಟ್ಟುಕೊಂಡರೂ ಒಟ್ಟು 35,400 ಯೂನಿಟ್ ಆಗುತ್ತದೆ. 500 ಯೂನಿಟ್‌ನ ಬಾಟಲಿಯಾದರೆ 71. ಇದು ಮಿತವ್ಯಯದ ಲೆಕ್ಕ. ಶ್ರೀಮಂತ ದೇಶಗಳಲ್ಲಿ ಇದಕ್ಕಿಂತ ಹೆಚ್ಚೇ ಕೊಡುತ್ತಾರೆ. ಫಿಸಿಯೋಥೆರಪಿಯ ದಿನಗಳದ್ದು ಇದರಲ್ಲಿ ಸೇರಿಲ್ಲ.

ಜಿಲ್ಲಾಸ್ಪತ್ರೆಯಲ್ಲಿ ಫ್ಯಾಕ್ಟರ್ ಉಚಿತವಾಗಿ ಸಿಗುವುದು ನಿಜ, ಆದರೆ ಅದು ದಿನನಿತ್ಯದ ರಕ್ತಸ್ರಾವಕ್ಕೆಂದು ಬರುವ ದಾಸ್ತಾನು. ಇಷ್ಟು ಬಾಟಲಿ ಒಬ್ಬರಿಗೆ ಬೇಕೆಂದರೆ ಮೊದಲೇ ಲಿಖಿತವಾಗಿ ಬೇಡಿಕೆ ಇಡಬೇಕು. ಎಲ್ಲ ಬಾಟಲಿಯೂ ಆಸ್ಪತ್ರೆಯ ಫ್ರಿಜ್ಜಿನಲ್ಲಿದೆ ಎಂದು ಕಣ್ಣಾರೆ ನೋಡುವವರೆಗೆ ತಮ್ಮನನ್ನು ಶಸ್ತ್ರಚಿಕಿತ್ಸೆಯ ಕೋಣೆಗೆ ಕಳಿಸಬೇಡಿ. ಅರ್ಧಕ್ಕೆ ಮುಗಿದರೆ ಯಾರೂ ಸಾಲ ಕೊಡುವುದಿಲ್ಲ.

ಲ್ಯಾಬ್_ಮೂಲೆ
ಲೆಕ್ಕ ಸರಿಯಿದೆ. ಹಿಮೋಫಿಲಿಯಾ ಬಿ (ಫ್ಯಾಕ್ಟರ್ 9ರ ಕೊರತೆ) ಇರುವವರು ಇದನ್ನು ಹಾಗೆಯೇ ಬಳಸಬೇಡಿ. ಫ್ಯಾಕ್ಟರ್ 9 ಒಂದು ಯೂನಿಟ್‌ಗೆ ಸುಮಾರು ಶೇ 1 ಮಾತ್ರ ಏರುತ್ತದೆ, ಆದರೆ ಹೆಚ್ಚು ಹೊತ್ತು ಉಳಿಯುತ್ತದೆ.

ಎರಡೂ_ಮಂಡಿ_ಹೊಸದು
ಇದೇ ಕಾರಣಕ್ಕೆ ನನಗೆ ಎರಡೂ ಮಂಡಿಯನ್ನು ಒಂದೇ ಸಲ ಮಾಡಿದರು. ಒಂದೇ ಅರಿವಳಿಕೆ, ಒಂದೇ ಸುತ್ತಿನ ಫ್ಯಾಕ್ಟರ್. ವರದಾ_ದಂಡೆ ಅವರೂ ಮಂಡಿಯ ಜೊತೆಗೆ ಪಾದದ ಕೀಲನ್ನು ಮುಗಿಸಿಕೊಳ್ಳುವುದು ಲೇಸು.

ಫಿಸಿಯೋ_ಧಾರವಾಡ
ಫ್ಯಾಕ್ಟರಿನ ಲೆಕ್ಕದಲ್ಲಿ ಒಪ್ಪುತ್ತೇನೆ, ನಡಿಗೆಯ ಲೆಕ್ಕದಲ್ಲಿ ಒಪ್ಪುವುದಿಲ್ಲ. ಎರಡು ಮಂಡಿಯಾದರೆ ಮರುದಿನದಿಂದಲೇ ವಾಕರ್ ಹಿಡಿಸಿ ನಿಲ್ಲಿಸುತ್ತೇವೆ. ಇವರದು ಹಾಗಲ್ಲ, ಬಲ ಮಂಡಿ, ಎಡ ಪಾದ. ಪಾದದ ಕೀಲಿಗೆ ಸಾಮಾನ್ಯವಾಗಿ ಮಾಡುವುದು ಮೂಳೆಗಳನ್ನು ಸ್ಕ್ರೂ ಹಾಕಿ ಬೆಸೆಯುವ ಚಿಕಿತ್ಸೆ. ಅದರಿಂದ ನೋವು ಚೆನ್ನಾಗಿ ಹೋಗುತ್ತದೆ, ಆದರೆ ಬೆಸುಗೆ ಕೂಡುವವರೆಗೆ ವಾರಗಟ್ಟಲೆ ಆ ಕಾಲಿನ ಮೇಲೆ ಭಾರ ಹಾಕುವಂತಿಲ್ಲ. ಬಲಗಾಲಿಗೆ ಹೊಸ ಮಂಡಿ, ಎಡಗಾಲು ಪ್ಲಾಸ್ಟರಿನಲ್ಲಿ. ಹೊಸ ಮಂಡಿಯ ವ್ಯಾಯಾಮ ಯಾವ ಕಾಲಿನ ಆಸರೆಯಲ್ಲಿ ನಡೆಯಬೇಕು? ಮೊಣಕೈಗಳೂ ಹಾಳಾಗಿದ್ದರೆ ಊರುಗೋಲನ್ನೂ ಹಿಡಿಯಲಾಗದು.

ಸಂಶಯಾಸ್ಪದ
ಈ ಮಾತು ನನಗೆ ಸರಿಯೆನಿಸಿತು. ವಯಸ್ಸಿನ ಬಗ್ಗೆ ನನ್ನ ಅಭಿಪ್ರಾಯ ಇನ್ನೂ ಬದಲಾಗಿಲ್ಲ, ಆದರೆ ಬಾಗು ಹೆಚ್ಚುತ್ತ ಹೋಗುವುದಾದರೆ ಕಾಯುವುದಕ್ಕೂ ಬೆಲೆ ಕಟ್ಟಬೇಕಾಗುತ್ತದೆ ಎಂಬುದನ್ನು ಒಪ್ಪುತ್ತೇನೆ.

ವರದಾ_ದಂಡೆ
ಎಲ್ಲರಿಗೂ ಕೃತಜ್ಞತೆಗಳು. ಇನ್ಹಿಬಿಟರ್ ವರದಿ ಬಂದಿದೆ, ನೆಗೆಟಿವ್. ತಮ್ಮ ಈ ಚರ್ಚೆಯನ್ನು ಕೂತು ಪೂರ್ತಿ ಓದಿದ. ಚಕ್ಕಳಮಕ್ಕಳ ಕೂರಲಾಗದೆಂಬುದು ಅವನಿಗೆ ದೊಡ್ಡ ವಿಷಯವಲ್ಲವಂತೆ, ಈಗಲೂ ಕೂರುವುದಿಲ್ಲ. ಮೇಜಿನ ಮುಂದೆ ನಿಂತು ಬಟ್ಟೆ ಕತ್ತರಿಸುವಂತಾದರೆ ಸಾಕೆನ್ನುತ್ತಾನೆ. ಮೊದಲು ಪ್ಲಾಸ್ಟರ್ ಮತ್ತು ವ್ಯಾಯಾಮದಿಂದ ಬಾಗು ಎಷ್ಟು ಇಳಿಯುತ್ತದೋ ನೋಡಿ, ಆಮೇಲೆ ಮಂಡಿ ಮಾತ್ರ ಮಾಡಿಸುವುದೆಂದು ಯೋಚಿಸಿದ್ದೇವೆ. ಪಾದಕ್ಕೆ ಸದ್ಯಕ್ಕೆ ಒಳಗೆ ಮೆತ್ತೆಯಿರುವ ಪಾದರಕ್ಷೆ. ರಕ್ತರೋಗ ತಜ್ಞರೂ ಮೂಳೆ ತಜ್ಞರೂ ಒಂದೇ ಕಡೆ ಇರುವ ಆಸ್ಪತ್ರೆಯ ಬಗ್ಗೆ ಎಲ್ಲಿ ವಿಚಾರಿಸಬೇಕು? ಮತ್ತೊಂದು, ನೋವಿಗೆ ಅವನು ಅಂಗಡಿಯಿಂದ ಡೈಕ್ಲೋಫೆನಾಕ್ ತಂದು ನುಂಗುತ್ತಾನೆ, ಅದು ಸರಿಯೇ?

ಎಂಟನೇ_ನಂಬರ್
ಡೈಕ್ಲೋಫೆನಾಕ್ ಇವತ್ತೇ ನಿಲ್ಲಿಸಿ. ಅದು, ಐಬುಪ್ರೊಫೆನ್, ಆ್ಯಸ್ಪಿರಿನ್, ಇವೆಲ್ಲ ಪ್ಲೇಟ್‌ಲೆಟ್‌ಗಳ ಕೆಲಸಕ್ಕೆ ಅಡ್ಡಿ ಮಾಡಿ ರಕ್ತಸ್ರಾವವನ್ನು ಹೆಚ್ಚಿಸುತ್ತವೆ. ಪ್ಯಾರಾಸಿಟಮಾಲ್ ನಡೆಯುತ್ತದೆ, ಅದಕ್ಕಿಂತ ಬಲವಾದದ್ದು ಬೇಕಿದ್ದರೆ ರಕ್ತರೋಗ ತಜ್ಞರನ್ನು ಕೇಳಿ. ಸ್ನಾಯುವಿಗೆ ಚುಚ್ಚುವ ನೋವಿನ ಇಂಜೆಕ್ಷನ್ನೂ ಬೇಡ.

ಆಸ್ಪತ್ರೆಯ ವಿಚಾರಕ್ಕೆ ದಾವಣಗೆರೆಯ ಕರ್ನಾಟಕ ಹಿಮೋಫಿಲಿಯಾ ಸೊಸೈಟಿಯವರನ್ನು ಕೇಳಿ, ನಿಮಗೆ ಹತ್ತಿರವೂ ಹೌದು. ಅದನ್ನು ಕಟ್ಟಿ ಬೆಳೆಸಿದ ಡಾ. ಸುರೇಶ್ ಹನಗವಾಡಿ ಅವರು ವೈದ್ಯರಷ್ಟೇ ಅಲ್ಲ, ಸ್ವತಃ ಈ ರೋಗದೊಂದಿಗೆ ಬದುಕಿದವರು. ಹಾಗೆಯೇ ಅಂಗವಿಕಲರ ಗುರುತಿನ ಯುಡಿಐಡಿ ಕಾರ್ಡು ಮಾಡಿಸಿಲ್ಲದಿದ್ದರೆ ಮಾಡಿಸಿ. 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯ 21 ವಿಧಗಳಲ್ಲಿ ಹಿಮೋಫಿಲಿಯಾವೂ ಸೇರಿದೆ.

ಗದಗಿನ_ಅಕ್ಕ
ಹೊಲಿಗೆ ಬಿಚ್ಚುವ ದಿನವೂ ಫ್ಯಾಕ್ಟರ್ ಕೊಡಬೇಕೇ? ನಮ್ಮ ಕಡೆಯ ಒಬ್ಬ ಹುಡುಗನಿಗೆ ಕೊಡದೆ ಬಿಚ್ಚಿ, ಗಾಯ ಮತ್ತೆ ತೆರೆದುಕೊಂಡಿತ್ತು.

ಫಿಸಿಯೋ_ಧಾರವಾಡ
ಹೌದು ಅಕ್ಕಾ, ಹೊಲಿಗೆ ಬಿಚ್ಚುವ ದಿನವೂ ಕೊಡಬೇಕು, ಆಮೇಲೆ ಮಂಡಿ ಮಡಚಿಸುವ ಗಟ್ಟಿ ವ್ಯಾಯಾಮದ ದಿನಗಳಲ್ಲೂ ಕೊಡಬೇಕು. ಎಂಟನೇ_ನಂಬರ್ ಅವರ 71 ಬಾಟಲಿಯ ಲೆಕ್ಕಕ್ಕೆ ಇದನ್ನೂ ಸೇರಿಸಿಯೇ ಬೇಡಿಕೆ ಪತ್ರ ಬರೆಯಿರಿ.